ಎರೆ ನೆಲವನ್ನು ಬಂಡೆಯೆಂದ ಎಂಜಿನಿಯರ್ ಸಾಹೇಬರಿಗೆ

ಮಾನ್ಯರೇ,

ಹಂಪಿಯ ಬಂಡೆಗೂ ಕಂಪ್ಲಿಯ ಎರೆ ನೆಲಕ್ಕೂ ಒಂದೇ ನಕ್ಷೆಯಲ್ಲಿ ಪಾಯ ಹಾಕಿಸಿ, ಮಣ್ಣು ಮಣ್ಣಿನಲ್ಲಿ ಭೇದವೆಣಿಸದ ತಮ್ಮ ಸಮದೃಷ್ಟಿಗೆ, ಎಮ್ಮಿಗನೂರು ಬದಿಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆಯಾದ ನಾನು ತಲೆಬಾಗಿ ವಂದಿಸುತ್ತೇನೆ. ನೆಟ್ಟಗೆ ನಿಂತು ವಂದಿಸಲು ಆಗುತ್ತಿಲ್ಲ. ತಾವು ಹಾಕಿಸಿದ ನೆಲ ಒಂದು ಕಡೆಗೆ ವಾಲಿದೆ.

ನಮ್ಮ ಅಂಗನವಾಡಿ ಕಟ್ಟಡಕ್ಕೆ ಜಾಗ ನೋಡಲು ಬಿರುಬೇಸಿಗೆಯಲ್ಲಿ ತಾವು ದಯಮಾಡಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಸಹಾಯಕಿ ಜಂಬಕ್ಕನ ಮನೆಯಿಂದ ಹಾರೆ ತರಿಸಿ, ಒಣಗಿದ ಎರೆ ಮಣ್ಣಿಗೆ ಹಾಕಿಸಿದಿರಿ. ಹಾರೆ ಪುಟಿದದ್ದೇ ತಡ, "ಬಂಡೆಗಲ್ಲು ಇದ್ದಂಗ ಐತಿ, ಎರಡಡಿ ಪಾಯ ಭಾಳ ಆತು" ಎಂದು ಅಪ್ಪಣೆ ಕೊಡಿಸಿ ಕಾರಿನ ತಂಪಿಗೆ ಮರಳಿದಿರಿ. ದಾರಿಯಲ್ಲಿ ಅದೇ ನೆಲದ ಬಿರುಕಿಗೆ ತಮ್ಮ ಬೂಟು ಸಿಕ್ಕಿಕೊಂಡರೂ ತಮಗೆ ಸಂಶಯ ಬರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ತಮ್ಮ ಕಚೇರಿಯೂ ಕಣ್ಣುಮುಚ್ಚಿ ಸಹಿ ಹಾಕಿತು.

ಕಟ್ಟಡ ಎದ್ದಿತು. ಮಳೆ ಬಂತು. ತಮ್ಮ ಬಂಡೆ ನೀರು ಕುಡಿದು ನಾದಿದ ಹಿಟ್ಟಿನಂತೆ ಉಬ್ಬಿತು, ಗೋಡೆ ಬಿರಿಯಿತು, ಚೌಕಟ್ಟು ಸೊಟ್ಟಗಾಗಿ ಬಾಗಿಲು ಬಿಗಿದುಕೊಂಡಿತು. ಒಳಗೆ ನಾನು, ನನ್ನ ಸೀರೆ ಹಿಡಿದು ಅಳುವ ಮಕ್ಕಳು. "ಟೀಚರ್, ಹುಡುಗ್ರನ್ನ ಹಿಂದಕ್ಕ ಸರಸ್ರಿ" ಎಂದು ಹೊರಗಿನಿಂದ ಕೂಗಿದ ಜಂಬಕ್ಕ, ತಾವು ನೆಲ ಪರೀಕ್ಷಿಸಿದ ಅದೇ ಹಾರೆಯಿಂದ ಬಾಗಿಲು ಮೀಟಿದರು. ಆಗ ನನಗೆ ಬಂದ ಸಿಟ್ಟಿಗೆ ಈ ಕಾಗದದ ಸಭ್ಯ ಕನ್ನಡ ಸಾಲದು.

ಮಕ್ಕಳನ್ನು ಗುಡಿಯ ಕಟ್ಟೆಯ ಮೇಲಾದರೂ ಕೂರಿಸುತ್ತೇವೆಂದು ಬೇಡಿಕೊಂಡರೆ, ಕಟ್ಟಡ ಭದ್ರವಾಗಿದೆ, ಅಲ್ಲೇ ನಡೆಸಿ ಎಂಬ ಉತ್ತರ ತಮ್ಮಿಂದ ಬಂತು. ಮಳೆ ಬಿದ್ದ ಮೇಲೆ ಕಂಪ್ಲಿಯತ್ತ ಕಾಲಿಡದೆಯೇ ಗೋಡೆಯ ಆರೋಗ್ಯ ಹೇಳುವ ವಿದ್ಯೆ ಎಲ್ಲರಿಗೂ ಒಲಿಯುವುದಲ್ಲ.

ಆದುದರಿಂದ ಮಳೆಗಾಲದಲ್ಲಿ ನೀರು ಕುಡಿಯಕೂಡದೆಂದು ಎರೆ ಮಣ್ಣಿಗೆ ತಾವೊಂದು ನೋಟಿಸು ಹೊರಡಿಸಬೇಕು. ಅದು ಮಣಿಯದಿದ್ದರೆ ಹಂಪಿಯ ಬಂಡೆಯೊಂದನ್ನು ನಮ್ಮ ಪಾಯದಡಿಗೆ ವರ್ಗ ಮಾಡಿಸಿ. ಸಂಡೂರಿನ ಗುಡ್ಡವಾದರೂ ಆದೀತು, ಗುಡ್ಡ ಸಾಗಿಸುವ ಲಾರಿಗಳಿಗೆ ಅಲ್ಲಿ ಬರವಿಲ್ಲ. ಇದೆಲ್ಲ ಕಷ್ಟವೆನಿಸಿದರೆ, ಮಳೆಯಲ್ಲೇ ಬಂದು, ಬೂಟು ಬಿಚ್ಚಿ, ಗಟ್ಟಿ ನೆಲ ಸಿಗುವ ತನಕ ಗುಂಡಿ ತೋಡಿಸಿ ನೋಡಿ.

ವಾಲಿದ ನೆಲದ ಮೇಲಿಂದ,
ತಮ್ಮ ವಿಶ್ವಾಸಿ,
ಭುವನೇಶ್ವರಿ

ಮರೆತ ಮಾತು: ಬರುವಾಗ ಹಾರೆ ತರುವುದು ಬೇಡ. ಅದು ನಮ್ಮ ಬಾಗಿಲ ಹೊರಗೇ ಇದೆ. ಮಕ್ಕಳು ಒಳಗೆ ಹೋದ ಮೇಲೆ, ಅವರು ಮನೆಗೆ ಹೊರಡುವ ತನಕ, ಜಂಬಕ್ಕ ಅದನ್ನು ಹಿಡಿದುಕೊಂಡೇ ಕೂರುತ್ತಾರೆ.