ಇತಿಹಾಸ ಸಲಹೆಗಾರನ ಸಿಟ್ಟು

ಇತಿಹಾಸ ಕಲಿಸುವ ಮಾಸ್ತರನನ್ನು ಜಗತ್ತು ಕೇಳುವುದು ಒಂದೇ ಪ್ರಶ್ನೆ: “ಪರೀಕ್ಷಾಕ್ಕ ಯಾವುದು ಬರತೈತ್ರಿ?” ಇಪ್ಪತ್ತೆರಡು ವರ್ಷ ಇಳಕಲ್ಲಿನ ಹೈಸ್ಕೂಲಿನಲ್ಲಿ ಇದನ್ನಷ್ಟೇ ಕೇಳಿಸಿಕೊಂಡಿದ್ದ ನನಗೆ, ಬೆಂಗಳೂರಿನಿಂದ ಬಂದ ಸಿನಿಮಾ ನಿರ್ದೇಶಕನೊಬ್ಬ “ಸರ್, ನಿಮ್ಮ ಅಭಿಪ್ರಾಯ ಬೇಕಿತ್ತು” ಎಂದಾಗ ತಲೆ ಸ್ವಲ್ಪ ತಿರುಗಿತು. ಸ್ವಲ್ಪ ಎಂಬುದು ನನ್ನ ಮಾತು. ಅದೇ ದಿನ ನಾನು ತಂಪು ಕನ್ನಡಕ ಕೊಂಡು ಮನೆಯೊಳಗೂ ಹಾಕಿಕೊಂಡು ಓಡಾಡಿದೆನೆಂದು ನನ್ನ ಹೆಂಡತಿ ಕಸ್ತೂರಿ ಇಡೀ ಓಣಿಗೆ ಹೇಳಿದ್ದಾಳೆ.

ಸಿನಿಮಾದ ಕಥೆ ಚಾಲುಕ್ಯರ ಕಾಲದ್ದು. ಶೈವ ರಾಜನ ಮಗಳಿಗೂ ಜೈನ ಸೇನಾಪತಿಯ ಮಗನಿಗೂ ಪ್ರೇಮ, ಎರಡೂ ಮತಗಳ ನಡುವೆ ಘೋರ ಯುದ್ಧ, ಯುದ್ಧ ನಿಂತಾಗಲೆಲ್ಲ ಹಾಡು. ರಾಜಕುಮಾರಿ ಇಳಕಲ್ ಸೀರೆಯುಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಾದಾಮಿಯ ಹೊಂಡದ ದಂಡೆಯಲ್ಲಿ ಅಳುತ್ತಿದ್ದಳು. ಆ ಕಾಲದಲ್ಲಿ ಈ ಸೀರೆ ಎಲ್ಲಿತ್ತು ಎಂದು ನಾನು ಕೇಳಲಿಲ್ಲ; ನೇಯ್ದವರು ನಮ್ಮ ಓಣಿಯವರು. ಆದರೆ ಯುದ್ಧದ ವಿಷಯದಲ್ಲಿ ಸುಮ್ಮನಿರಲಾಗಲಿಲ್ಲ. “ನೋಡ್ರಿ, ಬಾದಾಮ್ಯಾಗ ಒಂದ ಗುಡ್ಡದಾಗ ಶಿವಗ, ವಿಷ್ಣುಗ, ಜಿನಗ ಬಾಜೂಕ ಬಾಜೂಕ ಗವಿ ಅದಾವು” ಎಂದೆ. ನಿರ್ದೇಶಕ ಕನಿಕರದಿಂದ ನಕ್ಕ. “ಅಕ್ಕಪಕ್ಕದವರು ಚೆನ್ನಾಗಿರೋದನ್ನ ನೋಡೋಕೆ ಯಾರು ಸರ್ ಟಿಕೆಟ್ ತಗೋತಾರೆ? ಪರದೆ ಮೇಲೆ ನಿಮ್ಮ ಹೆಸರು ಬರುತ್ತೆ, ಇತಿಹಾಸ ಸಲಹೆಗಾರರು ಅಂತ.” ಹೆಸರು ಎಂದ ಕೂಡಲೇ, ಯುದ್ಧ ನಡೆದಿರಲೂಬಹುದೆಂದು ನನಗೂ ಅನ್ನಿಸತೊಡಗಿತು.

ಯುದ್ಧದ ದಿನ ಸುತ್ತಲಿನ ಊರವರೇ ಸೈನಿಕರು. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಇದ್ದರು. ಗ್ರಾನೈಟ್ ಪಾಲಿಶ್ ಮಾಡುವ ರಾಜೇಸಾಬ ವಿಭೂತಿ ಬಳಿದುಕೊಂಡು ಶೈವ ಸೇನೆಯಲ್ಲಿ. ಕುರಿ ಸಾಕುವ, ಬೀರಪ್ಪನ ಭಕ್ತ ಸಿದ್ದಪ್ಪ ಜೈನ ಸೇನೆಯಲ್ಲಿ. ಮಧ್ಯಾಹ್ನ ಇಬ್ಬರೂ ಒಂದೇ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಆಮೇಲೆ ಕತ್ತಿಗೆ ಜೋರೇ ಬರಲಿಲ್ಲ. “ಲೇ ಸಿದ್ದ್ಯಾ, ಬಡೀತೇನಿ ನೋಡು, ಸರಕೋ” ಎಂದು ಎಚ್ಚರಿಸಿಯೇ ರಾಜೇಸಾಬ ಕತ್ತಿ ಬೀಸುತ್ತಿದ್ದ. ನಿರ್ದೇಶಕ ತಲೆ ಹಿಡಿದುಕೊಂಡ. “ಸರ್, ನೀವು ಮೇಷ್ಟ್ರು. ಇವರಿಗೆ ಸ್ವಲ್ಪ ದ್ವೇಷ ಹೇಳಿಕೊಡಿ.” ನಡುವೆ ಪ್ಯಾಂಟಿನವನು ನಿಂತರೆ ಚಿತ್ರ ಕೆಡುತ್ತದೆಂದು ನನಗೂ ಗಡ್ಡ ಅಂಟಿಸಿ, ಶಾಲು ಹೊದಿಸಿದರು.

ಬಂಡೆಯೇರಿದೆ. ಇವರು ಅವರ ಬಸದಿ ಸುಟ್ಟರು, ಅವರು ಇವರ ಗುಡಿ ಕೆಡವಿದರು ಎಂದು, ನಡೆಯದ್ದನ್ನೆಲ್ಲ ಕಣ್ಣಾರೆ ಕಂಡವನಂತೆ ವರ್ಣಿಸಿದೆ. ರಾಜೇಸಾಬ ಸಾಲೆಯಲ್ಲಿದ್ದಂತೆಯೇ ಕೈಯೆತ್ತಿದ. “ಸರ, ಇದು ಯಾವ ಪುಸ್ತಕದಾಗ ಐತ್ರಿ? ನಮಗ ನೀವು ಬ್ಯಾರೇನ ಕಲಿಸಿದ್ರಲ್ಲ?”

“ಹೌದ್ರಿ ಸರ” ಎಂದ ಸಿದ್ದಪ್ಪ. “ಅದನ್ನ ಮರತದ್ದಕ್ಕ ನನ್ನ ಬೆಂಚಿನ ಮ್ಯಾಲ ನಿಂದರಿಸಿದ್ರಿ.”

ಎರಡೂ ಸೇನೆಗಳು ಒಟ್ಟಿಗೇ ನಕ್ಕವು. ಖರೆ ಮಾತು ಅವರ ಬಳಿ ಇತ್ತು. ನನ್ನ ಬಳಿ ಉಳಿದಿದ್ದದ್ದು ಗಂಟಲು ಮಾತ್ರ. “ಬಾಯಿ ಮುಚ್ಚರ್ಲೇ!” ಎಂದು ಮುಷ್ಟಿ ಬಿಗಿದು, ಗಡ್ಡ ಕುಣಿಸುತ್ತ, ಏನೇನು ಬೈದೆನೋ ನನಗೇ ನೆನಪಿಲ್ಲ. ನಿರ್ದೇಶಕ ಓಡಿಬಂದು ತಬ್ಬಿಕೊಂಡ. “ಈ ಮುಖಕ್ಕೇ ಸರ್, ಬೆಳಿಗ್ಗೆಯಿಂದ ಕಾಯ್ತಿದ್ದೆ!” ಕ್ಯಾಮೆರಾ ಅಷ್ಟೂ ಹೊತ್ತು ಓಡುತ್ತಿತ್ತು.

ಸಿನಿಮಾ ಬಂತು. ನನ್ನ ಹೆಸರು ಬರುವ ಹೊತ್ತಿಗೆ ಜನ ಚಪ್ಪಲಿ ಮೆಟ್ಟಿ ಹೊರಟಿದ್ದರು. ಮುಖ ಮಾತ್ರ ನಟ್ಟನಡುವೆ, ಪರದೆಯ ತುಂಬ ಬಂತು: ಊರಿಗೆಲ್ಲ ಬೆಂಕಿ ಹಚ್ಚಿಸುವ ಮತಾಂಧ ಗುರು. “ಎಷ್ಟ ಖರೆ ಅನಿಸ್ತರಿ ನಿಮ್ಮ ಆ್ಯಕ್ಟಿಂಗು” ಎಂದು ಪಕ್ಕದವಳೊಬ್ಬಳು ಹೊಗಳಿದಳು. ಕಸ್ತೂರಿ, “ಆ್ಯಕ್ಟಿಂಗ್ ಎಲ್ಲಿದು ಬಿಡ್ರಿ, ಪಲ್ಯಾಕ್ಕ ಉಪ್ಪು ಹೆಚ್ಚಾದಾಗೆಲ್ಲ ಈ ಮುಖಾ ನಾ ನೋಡತೇನಿ” ಎಂದಳು.

ಸೋಮವಾರ ಹತ್ತನೆಯ ತರಗತಿಗೆ ಹೋಗಿ ‘ಬಾದಾಮಿಯ ಚಾಲುಕ್ಯರು’ ಎಂದು ಪಾಠ ತೆಗೆದೆ. ಎರಡನೆಯ ಸಾಲಿನ ಹುಡುಗಿ ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು: “ಸರ, ಇವತ್ತ ಪುಸ್ತಕದ್ದ ಹೇಳ್ತೀರೋ, ಸಿನಿಮಾದ್ದೋರೀ?”

ನಾನು ಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಬಹಳ ಹೊತ್ತು ಒರೆಸಿದೆ.