ತಕ್ಕ ದ್ರಾವಣ

ಮುರಳೀಕೃಷ್ಣನ ಫಜೀತಿಗೆಲ್ಲ ಮೂಲ, ಮಷೀನಿನ ಜೊತೆ ಬಂದ ಪುಸ್ತಕದ ಒಂದೇ ಒಂದು ಸಾಲು: "ತೊಟ್ಟಿಗೆ ತಕ್ಕ ದ್ರಾವಣ ಹಾಕಿ, ಸ್ವಿಚ್ ಒತ್ತಿ." ಸ್ವಿಚ್ ಎಲ್ಲಿದೆ ಅಂತ ಚಿತ್ರ ಬರೆದು ಬಾಣ ಹಾಕಿ ತೋರಿಸಿದ್ದ ಪುಣ್ಯಾತ್ಮ, ತಕ್ಕ ದ್ರಾವಣ ಯಾವುದು ಅಂತ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಮಷೀನು ಅಂದರೆ ಅಲ್ಟ್ರಾಸೋನಿಕ್ ಕ್ಲೀನರ್. ಟಿಫನ್ ಡಬ್ಬಿಯಷ್ಟು ಗಾತ್ರ, ಒಳಗೆ ಸ್ಟೀಲ್ ತೊಟ್ಟಿ, ಮೇಲೊಂದು ಮುಚ್ಚಳ. ನೀರು ತುಂಬಿ ಕನ್ನಡಕವನ್ನೋ ಒಡವೆಯನ್ನೋ ಮುಳುಗಿಸಿದರೆ ಜುಂಯ್ ಅಂತ ನಡುಗಿ ಸಂದುಗೊಂದಿನ ಕೊಳೆ ಉದುರಿಸುತ್ತದೆ. ಆನ್‌ಲೈನಲ್ಲಿ ನೋಡಿದ್ದೇ ತಡ, ಮುರಳಿಯ ಬೆರಳು ತಡೆಯಲಿಲ್ಲ. ಅತ್ತಿಗುಪ್ಪೆಯ ಆ ಮನೆಯ ಅಟ್ಟದ ಮೇಲೆ ಆಗಲೇ ತೆಂಗಿನಕಾಯಿ ತುರಿಯೋ ಮೋಟಾರೂ ಬೆನ್ನು ಒತ್ತೋ ಯಂತ್ರವೂ ಧೂಳು ತಿನ್ನುತ್ತಿದ್ದವು.

ಎರಡನೇ ಶನಿವಾರ, ಮುರಳಿಗೆ ಬ್ಯಾಂಕ್ ರಜೆ. ಹೆಂಡತಿ ಸೀತಾ ನಂದಿನಿ ಲೇಔಟ್‌ನ ತಂಗಿ ಮನೆಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡೇ ತೀರ್ಪು ಕೊಟ್ಟಳು.

"ರೀ, ಐದು ಗಂಟೆಗೆ ಇದನ್ನ ವಾಪಸ್ ತಗೊಂಡು ಹೋಗೋಕೆ ಜನ ಬರ್ತಾರೆ, ನಾನೇ ಬುಕ್ ಮಾಡಿದೀನಿ. ಅಷ್ಟರೊಳಗೆ ಮನೇಲಿರೋ ಯಾವುದಾದ್ರೂ ಒಂದು ವಸ್ತುನ ಫಳಫಳ ಅನ್ನಿಸಿ ತೋರಿಸಿ. ಇಟ್ಕೊಳ್ಳಿ, ನಾ ಬೇಡ ಅನ್ನಲ್ಲ."

ಕನ್ನಡಿ ಮುಂದೆ ಒಂದು ಬೆಳ್ಳಿ ಸರ ಬಿದ್ದಿತ್ತು, ಕಾದ ಬಾಣಲೆ ತಳದ ಹಾಗೆ ಕಪ್ಪಗೆ. ಮುರಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಪಾತ್ರೆ ತೊಳೆಯೋ ಸೋಪಿನ ಎರಡು ಹನಿ ಹಾಕಿ ಮುಳುಗಿಸಿದ. ಐದು ನಿಮಿಷ ಜುಂಯ್ ಅಂದಿತು. ಸರದ ಧೂಳು ಹೋಯಿತು, ಕಪ್ಪು ಜಪ್ಪಯ್ಯ ಅನ್ನಲಿಲ್ಲ.

ಸದ್ದು ಕೇಳಿ ಪಕ್ಕದ ಮನೆ ಶಿವಕ್ಕ ಬಂದರು. ದಾವಣಗೆರೆ ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಮಾತು ಊರಿಂದ ಹೊರಟಿರಲಿಲ್ಲ.

"ಬೆಳ್ಳಿಗೆ ವಿಭೂತಿ ಬಿಟ್ರೆ ಬ್ಯಾರೆ ಏನೈತಿ? ಹಾಕ್ರಿ ಇದನ್ನ!" ಅನ್ನುತ್ತ ಒಂದು ಹಿಡಿ ಪುಡಿ ತೊಟ್ಟಿಗೆ ಸುರಿದೇಬಿಟ್ಟರು. ನೀರು ಸುಣ್ಣದ ತಿಳಿಯಾಯಿತು. ಸರ ಕಪ್ಪಗೇ ಇತ್ತು.

ಕೆಳಗಿನ ಮನೆಯ ಜಂಬಣ್ಣ ಕೆಮಿಸ್ಟ್ರಿ ಮೇಷ್ಟ್ರಾಗಿ ರಿಟೈರ್ ಆದವರು. ಶಿವಕ್ಕ ಹಗಲು ಅಂದರೆ ಅವರು ರಾತ್ರಿ ಅನ್ನುವವರು. ಮುರಳಿ ಸ್ಯಾನಿಟೈಸರ್ ಬಾಟಲಿಗೆ ಕೈ ಹಾಕಿದ್ದನ್ನು ಬಾಗಿಲಿಂದಲೇ ನೋಡಿ ಚೀರಿದರು.

"ಮುಟ್ಬೇಡಿ! ಸ್ಪಿರಿಟ್ಟು, ಬೆಂಕಿ ಹತ್ತುತ್ತೆ! ವಿಭೂತಿ ಹಣೆಗೆ ಸರಿ ಶಿವಕ್ಕ, ಮಷೀನಿಗಲ್ಲ. ಚಪಾತಿ ಸುತ್ತೋ ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು. ಇದು ತಕ್ಕ ದ್ರಾವಣ."

ತೊಟ್ಟಿ ತೊಳೆದು ಹಾಗೇ ಮಾಡಿದರು. ಕೊಳೆತ ಮೊಟ್ಟೆಯ ನಾತ ಒಂದಿಷ್ಟು ಎದ್ದಿತು. ಹತ್ತು ನಿಮಿಷಕ್ಕೆ ಸರ ಹೊರಗೆ ಬಂದರೆ, ಆಹಾ! ಇವತ್ತೇ ಅಂಗಡಿಯಿಂದ ತಂದ ಹಾಗೆ ಬೆಳ್ಳಗೆ! ಮುರಳಿ ಕುಣಿದಾಡಿದ. ಹಿರಿಯರಿಬ್ಬರೂ "ಸೋಡಾ", "ವಿಭೂತಿ" ಅಂತ ಕಿತ್ತಾಡುತ್ತಲೇ ಊಟಕ್ಕೆ ಹೋದರು.

ಆಗ ಮೇಲಿನ ಮನೆಯ ಕಾಲೇಜು ಹುಡುಗಿ ಸ್ಪಂದನ ಬಂದಳು. ಸರ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಂಕಲ್! ಇದು ಆಂಟಿ ನಿನ್ನೆ ಹಿಡ್ಕೊಂಡು ನೋಡ್ತಿದ್ದ ಕಪ್ಪು ಸರ ಅಲ್ವಾ? ಆಕ್ಸಿಡೈಸ್ಡ್ ಬೆಳ್ಳಿ! ಬೇಕೂಂತಲೇ ಕಪ್ಪು ಮಾಡಿರ್ತಾರೆ. ಈಗ ಅದೇ ಫ್ಯಾಷನ್ನು. ಕಪ್ಪಿದ್ರೇನೇ ರೇಟು!"

ಮುರಳಿ ಸರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಅಯ್ಯೋ, ಸತ್ತೆ ಕಣಮ್ಮ! ಮತ್ತೆ ಕಪ್ಪು ಮಾಡೋದು ಹೇಗೆ?"

ಸ್ಪಂದನ ಮೊಬೈಲು ಉಜ್ಜಿದಳು. "ಸಿಂಪಲ್ ಅಂಕಲ್. ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಸರದ ಜೊತೆ ಡಬ್ಬಿಲಿ ಮುಚ್ಚಿಡ್ಬೇಕು. ಮೊಟ್ಟೆಲಿರೋ ಗಂಧಕಕ್ಕೆ ಬೆಳ್ಳಿ ಕಪ್ಪಾಗತ್ತೆ."

ಮೊಟ್ಟೆ! ಈರುಳ್ಳಿಗೇ ಬೇರೆ ಚಾಕು ಇಟ್ಟಿರೋ ಸೀತಾಳ ಮನೆಯಲ್ಲಿ ಮೊಟ್ಟೆ! ಆದರೆ ಹೆಂಡತಿಯ ಸರ ಹಾಳುಮಾಡಿದ ಗಂಡನಿಗೆ ಮಡಿ ಎಲ್ಲಿಯದು? ಮೂರು ಬೀದಿ ದಾಟಿ, ಗುರುತಿಲ್ಲದ ಅಂಗಡಿಯಲ್ಲಿ ಎರಡು ಮೊಟ್ಟೆ ಕೊಂಡು, ಕೊತ್ತಂಬರಿ ಕಟ್ಟಿನ ಅಡಿ ಮುಚ್ಚಿಕೊಂಡು ಬಂದ. ತಾನು ಶೇವಿಂಗಿಗೆ ನೀರು ಕಾಯಿಸುವ ಮಗ್ಗಿನಲ್ಲಿ ಬೇಯಿಸಿದ. ಸುಲಿದು, ಪುಡಿ ಮಾಡಿ, ಸರದ ಜೊತೆ ಡಬ್ಬಿಗೆ ತುಂಬಿ, ಕಿಟಕಿಗಳನ್ನೆಲ್ಲ ತೆರೆದು, ಊದುಬತ್ತಿ ಹಚ್ಚಿ ಕೂತ. ಎರಡು ಗಂಟೆಯಲ್ಲಿ ಸರ ಮೊದಲಿಗಿಂತ ಒಂದು ಕೈ ಹೆಚ್ಚೇ ಕಪ್ಪಾಯಿತು. ಮೊಟ್ಟೆಯ ಪುಡಿಯನ್ನು ಟಾಯ್ಲೆಟ್ಟಿಗೆ ಸುರಿದು, ಸರ ತೊಳೆದು ಒರೆಸುವಷ್ಟರಲ್ಲಿ ಕಾಲಿಂಗ್ ಬೆಲ್. ಸಿಪ್ಪೆ ಇನ್ನೂ ಮೇಜಿನ ಮೇಲೇ! ಕೈಗೆ ಸಿಕ್ಕಿದ ಮಷೀನಿನೊಳಗೆ ತುರುಕಿ, ಮುಚ್ಚಳ ಹಾಕಿ, ರಟ್ಟಿನ ಪೆಟ್ಟಿಗೆಗೆ ಇಳಿಸಿ ಓಡಿದ.

ಸೀತಾ ಒಳಗೆ ಬಂದವಳೇ ಸರ ಎತ್ತಿ ನೋಡಿದಳು. ಮುಖ ಸೊರಗಿತು.

"ನಮ್ಮಜ್ಜಿ ಸರ ಕಣ್ರೀ. ನಲವತ್ತು ವರ್ಷದಿಂದ ಪೆಟ್ಟಿಗೇಲಿದ್ದು ಕಪ್ಪಾಗಿತ್ತು. ನೀವು ಇದನ್ನೇ ಎತ್ಕೊಳ್ತೀರ ಅಂತ ಬೇಕೂಂತಲೇ ಕನ್ನಡಿ ಮುಂದೆ ಇಟ್ಟು ಹೋಗಿದ್ದೆ. ಇದು ಬೆಳ್ಳಗಾದ್ರೆ ಮಷೀನು ಇರಲಿ ಅಂತಾನೂ ಅಂದ್ಕೊಂಡಿದ್ದೆ. ಇನ್ನೂ ಕಪ್ಪಾಗಿದೆಯಲ್ರೀ!"

ಮುರಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಿಜ ಹೇಳಿದರೆ ಮೊಟ್ಟೆ ಹೊರಗೆ ಬರುತ್ತದೆ, ಹೇಳದಿದ್ದರೆ ಮಷೀನು ಹೊರಗೆ ಹೋಗುತ್ತದೆ. ಹೋದರೆ ಮಷೀನೇ ಹೋಗಲಿ ಅಂತ ಬಾಯಿಗೆ ಬೀಗ ಹಾಕಿಕೊಂಡ.

ಐದಕ್ಕೆ ಸರಿಯಾಗಿ ಡೆಲಿವರಿಯವನು ಬಂದ. ಪೆಟ್ಟಿಗೆಯನ್ನು ಹಾಗೇ ಒಯ್ಯುತ್ತಾನೆ ಅಂದುಕೊಂಡರೆ, ತೆಗೆದು, ಮುಚ್ಚಳ ಬಿಚ್ಚಿ, ಮೂಗು ಮುಚ್ಚಿಕೊಂಡ.

"ಸಾರ್, ಬಳಸಿರೋ ಎಗ್ ಬಾಯ್ಲರ್ ವಾಪಸ್ ತಗೊಳ್ಳಲ್ಲ."

"ಎಗ್ ಬಾಯ್ಲರ್!" ಸೀತಾಳ ದನಿಗೆ ಶಿವಕ್ಕ, ಜಂಬಣ್ಣ ಇಬ್ಬರೂ ಓಡಿ ಬಂದರು. "ಇದಕ್ಕೇನ್ರೀ ನಾನು ತಂಗಿ ಮನೆಗೆ ಹೋಗೋದನ್ನೇ ಕಾಯ್ತಿದ್ದಿದ್ದು?"

"ಇಲ್ಲ ಕಣೇ! ಮಧ್ಯಾಹ್ನ ಸರ ಫಳಫಳ ಅಂತಿತ್ತು! ಬೇಕಾದ್ರೆ ಇವರನ್ನ ಕೇಳು!"

"ಸುಳ್ಳು ಯಾಕ್ ಹೇಳ್ಲಿ, ನನ್ನ ವಿಭೂತಿಯಿಂದ ಬೆಳ್ಳಗಾಗಿತ್ತವ್ವ," ಅಂದರು ಶಿವಕ್ಕ, ಸೆರಗಿನಿಂದ ಮೂಗು ಮುಚ್ಚಿಕೊಂಡು. "ಮೊಟ್ಟಿ ಮುಟ್ಟಿದ ಕೈಲೆ ಮುಟ್ಟಿದ್ರೆ ಬೆಳ್ಳಿ ಕಪ್ಪಾಗ್ದೆ ಇನ್ನೇನ್ ಆಗ್ತೈತಿ?"

ಮುರಳಿ ಕಡೆಯ ಆಸೆಯಿಂದ ಜಂಬಣ್ಣನವರ ಮುಖ ನೋಡಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಕೆಮಿಸ್ಟ್ರಿ ಪ್ರಕಾರ," ಅಂದರು, "ಮೊಟ್ಟೆಯದೊಂದು ಮಾತು ಮಾತ್ರ ಶಿವಕ್ಕ ಸರಿಯಾಗಿಯೇ ಹೇಳಿದ್ರು."