ಗುಡ್ಡ ಮಾತನಾಡಿದ ಕಾರಣ ಸಿಬ್ಬಂದಿ ಮಾತು ಬಿಟ್ಟಿರುವ ಬಗ್ಗೆ

ತೂಕದ ಕಲ್ಲುಗಳ ಪರೀಕ್ಷಾ ಕೊಠಡಿ
ಮೇಲ್ವಿಚಾರಕರ ಕಚೇರಿ (ಮೆಟ್ಟಿಲಿನ ಕೆಳಗೆ, ಬಾಗಿಲು ತಟ್ಟಬೇಕಾಗಿಲ್ಲ, ಬಾಗಿಲಿಲ್ಲ)

ಸಂಖ್ಯೆ: ತೂ.ಪ.ಕೊ/ಗುಡ್ಡ/ಮಾತು/೧

ಸುತ್ತೋಲೆ

ವಿಷಯ: ಕಾದಂಬರಿ ಆಧಾರಿತ ಚಲನಚಿತ್ರದ ಎರಡನೆಯ ಭಾಗದಲ್ಲಿ ಗುಡ್ಡವು ಮಾತನಾಡಿರುವುದರಿಂದ ಪರೀಕ್ಷಾ ಕೊಠಡಿಯಲ್ಲಿ ಮಾತುಕತೆ ಸ್ಥಗಿತಗೊಂಡಿರುವ ಹಾಗೂ ಅದನ್ನು ಪುನಃ ಆರಂಭಿಸುವ ಬಗ್ಗೆ.

ಉಲ್ಲೇಖ: (ಅ) ಈ ಕಚೇರಿಯು ಸೋಮವಾರ ನೀಡಿದ ಮೌಖಿಕ ಬುದ್ಧಿಮಾತು (ಯಾರೂ ಕೇಳಿಸಿಕೊಂಡಿಲ್ಲ).
(ಆ) ಕಿರಾಣಿ ಅಂಗಡಿಯವರು ಅದೇ ದಿನ ನೀಡಿದ ಮೌಖಿಕ ದೂರು (ಬೀದಿಯವರೆಲ್ಲ ಕೇಳಿಸಿಕೊಂಡಿದ್ದಾರೆ).

ಪ್ರಸ್ತಾವನೆ:

ಅಂಗಡಿಗಳಿಂದ ಬರುವ ತೂಕದ ಕಲ್ಲುಗಳನ್ನು ಈ ಕೊಠಡಿಯಲ್ಲಿ ಇಬ್ಬರು ಪರೀಕ್ಷಿಸುತ್ತಾರೆ. ತೂಗುವವರನ್ನು ಎಲ್ಲರೂ ತೂಕದಕ್ಕ ಎಂದೂ, ಮುದ್ರೆ ಒತ್ತುವವರನ್ನು ಮುದ್ರೆಯಕ್ಕ ಎಂದೂ ಕರೆಯುತ್ತಾರೆ. ಅವರ ನಿಜವಾದ ಹೆಸರುಗಳು ಸಂಬಳದ ದಿನ ಮಾತ್ರ ನೆನಪಾಗುವುದರಿಂದ ಈ ಸುತ್ತೋಲೆಯಲ್ಲಿಯೂ ಹಾಗೆಯೇ ಕರೆಯಲಾಗಿದೆ. ತೂಕದಕ್ಕ ತಕ್ಕಡಿಯ ಮುಳ್ಳು ನೋಡಿ ಬಾಯಿಬಿಟ್ಟು “ಸರಿ” ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಮುದ್ರೆಯಕ್ಕ ಸುತ್ತಿಗೆ ಎತ್ತಬೇಕು. ಬರೆದು ತೋರಿಸುವುದು, ತಲೆಯಾಡಿಸುವುದು, ಕೆಮ್ಮುವುದು ಇತ್ಯಾದಿ ಊರ್ಜಿತವಲ್ಲ. ಈ ನಿಯಮವನ್ನು ಯಾರು ಮಾಡಿದರೆಂದು ಈಗ ಬದುಕಿರುವವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಕೇಳಬಹುದಿತ್ತು.

ಹೀಗಿರುವಾಗ ಸದರಿ ಚಲನಚಿತ್ರವು ಬಿಡುಗಡೆಯಾಗಿರುತ್ತದೆ. ಇಲಾಖೆಗೆ ತಿಳಿದುಬಂದಷ್ಟರ ಮಟ್ಟಿಗೆ ಕತೆ ಇಷ್ಟು: ರಾಜ್ಯ ಕಳೆದುಕೊಂಡ ಎಳೆಯ ರಾಣಿಯೊಬ್ಬಳ ಹಿಂದೆ ಗುಡ್ಡವೊಂದು ನಡೆದುಕೊಂಡು ಬರುತ್ತದೆ. ಯಾಕೆ ಬರುತ್ತಿದೆ ಎಂದು ಅದು ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಕೊನೆಗೆ ಶತ್ರುಗಳ ದಂಡು ಬಂದಾಗ ಗುಡ್ಡ ಮುಂದೆ ಬಂದು ಅವಳಿಗೂ ದಂಡಿಗೂ ನಡುವೆ ಕುಳಿತುಬಿಡುತ್ತದೆ. ಪುಸ್ತಕದಲ್ಲಿ ಅಷ್ಟೇ. ಚಿತ್ರದಲ್ಲಿ ಕುಳಿತ ಮೇಲೆ ಗುಡ್ಡ ಬಾಯಿ ತೆರೆದು “ನಾನಿದ್ದೀನಿ ಮಗಳೇ” ಎನ್ನುತ್ತದೆ. ದನಿ ಭಾರವಾಗಿದೆಯೆಂದು ವರದಿಯಾಗಿದೆ.

ತೂಕದಕ್ಕ ಈ ಕಾದಂಬರಿಯನ್ನು ಹಲವು ಸಲ ಓದಿದವರು. ಕಲ್ಲು ಸುತ್ತಿ ಬರುವ ಕಂದು ಕಾಗದವನ್ನೇ ಅದಕ್ಕೆ ಹೊದಿಕೆ ಹಾಕಿಟ್ಟಿದ್ದಾರೆ. ಮುದ್ರೆಯಕ್ಕ ಪುಸ್ತಕ ಓದಿದವರಲ್ಲ, ಸಿನಿಮಾ ನೋಡುವವರು. ಇಬ್ಬರೂ ಮೊದಲ ದಿನವೇ ಜೊತೆಯಾಗಿ ಹೋಗಿ ಪಕ್ಕಪಕ್ಕ ಕುಳಿತು ನೋಡಿ, ಬೇರೆ ಬೇರೆ ಬಸ್ಸು ಹತ್ತಿ ಮನೆಗೆ ಹೋಗಿರುತ್ತಾರೆ. ಉಭಯರಿಂದ ಪ್ರತ್ಯೇಕವಾಗಿ ಪಡೆದ ಹೇಳಿಕೆಗಳು ಈ ಕೆಳಗಿನಂತಿವೆ.

ತೂಕದಕ್ಕ: “ಎರಡು ಪುಸ್ತಕ ಪೂರ್ತಿ ತುಟಿ ಬಿಚ್ಚದ ಗುಡ್ಡ ಅದು. ಅದರ ಬಾಯಿಗೆ ಮೈಕು ಕಟ್ಟಿದಾರೆ. ಮದುವೆಮನೇಲಿ ಊಟಕ್ಕೆ ಕರಿಯೋರ ಥರ ಕೂಗಿಸಿದಾರೆ. ನಂಗೆ ಹೊಟ್ಟೆ ಉರೀತು, ಇವಳು ನೋಡಿದ್ರೆ ಪಕ್ಕದಲ್ಲಿ ಕೂತು ಗೊಳೋ ಅಂತ ಅಳ್ತಾಳೆ. ‘ಓದದೇ ಇರೋರಿಗೆ ಅಳೋದು ಸುಲಭ’ ಅಂದೆ. ಅಷ್ಟೇ ಅಂದಿದ್ದು.”

ಮುದ್ರೆಯಕ್ಕ: “ಒಂದು ಮಾತು ಆಡಿದ್ರೆ ಗುಡ್ಡದ ಗಂಟೇನು ಹೋಗುತ್ತೆ? ನಂಗೆ ಹುಟ್ಟಿದಾಗಿಂದ ಯಾರೂ ಹಾಗೆ ಅಂದಿಲ್ಲ. ಗುಡ್ಡ ಅಂತು, ಅಳು ಬಂತು. ಅದಕ್ಕೂ ಪರೀಕ್ಷೆ ಪಾಸಾಗಿರಬೇಕಾ?”

ಅಂದಿನಿಂದ ಮೇಜಿನ ಆಚೆಯಿಂದ “ಸರಿ” ಬಂದಿಲ್ಲ. ಈಚೆಯಿಂದ ಸುತ್ತಿಗೆ ಎದ್ದಿಲ್ಲ. ಕಲ್ಲುಗಳು ಕಿಟಕಿಯ ಎತ್ತರಕ್ಕೆ ಸೇರಿವೆ. ಕಿರಾಣಿ ಅಂಗಡಿಯವರು ಬಾಗಿಲಲ್ಲಿ ನಿಂತು, “ಗುಡ್ಡ ಮಾತಾಡ್ಲಿ, ಹಾಡು ಹೇಳ್ಲಿ, ನನ್ನ ಎರಡು ಕಿಲೋ ಕಲ್ಲು ಕೊಡ್ರಮ್ಮ” ಎಂದು ಮನವಿ ಮಾಡಿರುತ್ತಾರೆ. ಇದುವರೆಗೆ ಒಂದೇ ಡಬ್ಬಿಯಿಂದ ಮಧ್ಯಾಹ್ನದ ಊಟ ಮಾಡುತ್ತಿದ್ದ ಇವರು ಈಗ ಆ ಕಿಟಕಿ, ಈ ಕಿಟಕಿ ಹಿಡಿದು, ಬೀದಿ ನೋಡುತ್ತ ತಿನ್ನುತ್ತಿದ್ದಾರೆ. ಬೀದಿಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಇಲಾಖೆಯು ಖುದ್ದಾಗಿ ಪರಿಶೀಲಿಸಿದೆ.

ಆದುದರಿಂದ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಕಟ್ಟಡದಲ್ಲಿರುವವರನ್ನು ‘ಓದಿದವರು’ ಮತ್ತು ‘ನೋಡಿದವರು’ ಎಂದು ವಿಂಗಡಿಸಲಾಗಿದೆ. ಎರಡನ್ನೂ ಮಾಡಿದವರು ತಮಗೆ ಯಾವುದರಿಂದ ಹೆಚ್ಚು ನೋವಾಗಿದೆಯೋ ಆ ಕಡೆ ಸೇರತಕ್ಕದ್ದು. ಎರಡನ್ನೂ ಮಾಡದವರನ್ನು ‘ಇಲಾಖೆ’ ಎಂದು ಪರಿಗಣಿಸಲಾಗುವುದು. ಸದ್ಯಕ್ಕೆ ಇಲಾಖೆ ಎಂದರೆ ಮೇಲ್ವಿಚಾರಕರು ಒಬ್ಬರೇ.

೨. “ಪುಸ್ತಕದಲ್ಲಿ ಹೀಗಿರಲಿಲ್ಲ” ಎಂಬ ಮಾತನ್ನು ಕೆಲಸದ ವೇಳೆಯಲ್ಲಿ ಮನುಷ್ಯರಿಗೆ ಹೇಳತಕ್ಕದ್ದಲ್ಲ. ತಡೆಯಲಾಗದಿದ್ದರೆ ನೀರಿನ ಡ್ರಮ್ಮಿನ ಹಿಂದಿನ ಗೋಡೆಗೆ ಹೇಳಬಹುದು. ಹೇಳುವಾಗ ಹಣೆ ಚಚ್ಚಿಕೊಳ್ಳಬಾರದು, ಸುಣ್ಣ ಉದುರುತ್ತಿದೆ.

೩. ‘ನೋಡಿದವರು’ ಗುಡ್ಡದ ದನಿಯನ್ನು ಅನುಕರಿಸುವ ಸಲುವಾಗಿ ಬಕೆಟ್ಟಿನಲ್ಲಿ ತಲೆಯಿಟ್ಟು “ನಾನಿದ್ದೀನಿ ಮಗಳೇ” ಎನ್ನುವುದನ್ನು ನಿಲ್ಲಿಸತಕ್ಕದ್ದು. ಕಾವಲುಗಾರರು ಮೊನ್ನೆ ಹೀಗೆ ಅಂದಾಗ, ತಪಾಸಣೆಗೆ ಬಂದಿದ್ದ ಮೇಲಧಿಕಾರಿ ಮೇಡಂ ಹಿಂದಿರುಗಿ ನೋಡಿ, ಯಾರೂ ಕಾಣದೆ ತಪಾಸಣೆಯನ್ನು ಅರ್ಧಕ್ಕೇ ಮುಗಿಸಿ ಹೋಗಿರುತ್ತಾರೆ. ಆ ಬಗ್ಗೆ ಇಲಾಖೆಗೆ ವಿಷಾದವಿದೆ, ಬೇಸರವಿಲ್ಲ. ಬಕೆಟ್ಟು ಕಸ ಗುಡಿಸುವ ತಾಯಿಗೆ ಸೇರಿದ್ದು. ಅವರ ಆದೇಶವನ್ನು ಇಲ್ಲಿ ಯಥಾವತ್ತಾಗಿ ಅಂಗೀಕರಿಸಲಾಗಿದೆ: “ಗುಡ್ಡ ಆಗೋದಿದ್ರೆ ಆಗ್ರಪ್ಪ, ಬೇಡ ಅಂದೋರ್ಯಾರು, ಆಮೇಲೆ ತೊಳೆದಿಡಿ.”

೪. ಚಿತ್ರದ ನೆನಪಿನಿಂದ ಕಣ್ಣೀರು ಬಂದಲ್ಲಿ ತಕ್ಕಡಿಯಿಂದ ಕೈಯಳತೆಯ ದೂರ ಸರಿದು ಒರೆಸಿಕೊಳ್ಳತಕ್ಕದ್ದು. ಸಣ್ಣ ತಕ್ಕಡಿಯು ಕಣ್ಣೀರಿಗೂ ಮುಳ್ಳು ಆಡಿಸುತ್ತದೆ. ಕಣ್ಣೀರಿನ ತೂಕವನ್ನು ಕಲ್ಲಿನ ತೂಕಕ್ಕೆ ಸೇರಿಸಿ ಅಂಗಡಿಯ ಗಿರಾಕಿಗೆ ನಷ್ಟ ಮಾಡಲು ಈ ಕೊಠಡಿಗೆ ಅಧಿಕಾರವಿಲ್ಲ.

೫. ಮಾತನಾಡಿದ ಮೇಲೆ ಗುಡ್ಡದ ತೂಕ ಇಳಿಯಿತೋ ಏರಿತೋ ಎಂದು ಲೆಕ್ಕಪತ್ರ ವಿಭಾಗದವರು ಅಭಿಪ್ರಾಯ ಕೇಳಿರುತ್ತಾರೆ. ಗುಡ್ಡವನ್ನು ಕೊಠಡಿಗೆ ತಂದಲ್ಲಿ ತೂಗಿಕೊಡಲಾಗುವುದು. ಬಾಗಿಲಲ್ಲಿ ಹಿಡಿಸದಿದ್ದರೆ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತದೆ. ಗುಡ್ಡವು ತಾನಾಗಿ ನಡೆದು ಬಂದಲ್ಲಿ ಮೆಟ್ಟಿಲ ಬಳಿ ಸಾಲಿನಲ್ಲಿ ನಿಲ್ಲತಕ್ಕದ್ದು. ಕಿರಾಣಿ ಅಂಗಡಿಯವರು ಅದಕ್ಕಿಂತ ಮುಂಚೆ ಬಂದಿದ್ದಾರೆ.

೬. ಇನ್ನೂ ನೋಡದಿರುವವರ ಎದುರು ಕೊನೆಯನ್ನು ಹೇಳತಕ್ಕದ್ದಲ್ಲ. ಹಾಗೆಂದು ಜೀಪಿನ ಚಾಲಕರು ಕಿವಿಗೆ ಹತ್ತಿ ಇಟ್ಟುಕೊಂಡು ಗಾಡಿ ಓಡಿಸುವುದನ್ನೂ ಒಪ್ಪಲಾಗದು. ಅವರ ಹೆಂಡತಿ ಈ ಕಚೇರಿಗೆ ಬಂದು, “ಸಿನಿಮಾಕ್ಕೆ ಯಾವಾಗ ಕರ್ಕೊಂಡು ಹೋಗ್ತೀರಾ ಅಂತ ದಿನಾ ಕೇಳ್ತಿದೀನಿ, ಹತ್ತಿ ಇಟ್ಕೊಂಡು ಕೂತಿದಾರೆ” ಎಂದು ತಿಳಿಸಿರುವುದರಿಂದ, ಹತ್ತಿಯ ನಿಜವಾದ ಉದ್ದೇಶದ ಬಗ್ಗೆ ಇಲಾಖೆಗೆ ಅನುಮಾನವಿದೆ.

೭. “ಸರಿ” ಎಂಬ ಮಾತಿಗೆ ಬದಲಿ ವ್ಯವಸ್ಥೆ ಮಾಡಬೇಕೆಂದು ಸಲಹೆಗಳು ಬಂದಿವೆ. ಕಾವಲುಗಾರರು ನಡುವೆ ನಿಂತು ತೂಕದಕ್ಕನ ಮುಖ ನೋಡಿ ಮುದ್ರೆಯಕ್ಕನಿಗೆ ಕೂಗುವುದು, ಗಿಳಿ ಸಾಕುವುದು, ಬೀರುವಿನಲ್ಲಿರುವ ಹಳೆಯ ಗಂಟೆಯನ್ನು ಹೊರತೆಗೆಯುವುದು. ಮೊದಲನೆಯದನ್ನು ತಿರಸ್ಕರಿಸಲಾಗಿದೆ. ಎರಡನೆಯದರ ಬಗ್ಗೆ, ಕಲಿತ ಗಿಳಿ ತಪ್ಪಿದ ಕಲ್ಲಿಗೂ ಸರಿ ಎನ್ನುತ್ತದೆ. ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬಹಳ ಹಿಂದೆ, ಇದೇ ಮೇಜಿನಲ್ಲಿ ಇಬ್ಬರು ಗಂಡಸರು ಕೆಲಸ ಮಾಡುತ್ತಿದ್ದರು. ಆಗ ಸಿನಿಮಾಕ್ಕಿಂತ ರೇಡಿಯೋ ಹೆಚ್ಚು. ವಾರಕ್ಕೊಮ್ಮೆ ಬರುತ್ತಿದ್ದ ನಾಟಕದಲ್ಲಿ ಪತ್ತೇದಾರನ ಪಾತ್ರದ ದನಿ ಬದಲಾಯಿತು. ಹೊಸ ದನಿ ಒಬ್ಬರಿಗೆ ಹಿಡಿಸಿತು, ಇನ್ನೊಬ್ಬರಿಗೆ ಹಿಡಿಸಲಿಲ್ಲ. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಕೆಲಸ ನಿಲ್ಲಬಾರದೆಂದು ಆಗಿನ ಮೇಲ್ವಿಚಾರಕರು ಪುಣ್ಯದ ಕೆಲಸವೆಂದೇ ಗಂಟೆ ತಂದಿಟ್ಟರು. ತೂಗುವವರು ಗಂಟೆ ಬಾರಿಸುವುದು, ಮುದ್ರೆಯವರು ಒತ್ತುವುದು. ಕೆಲಸ ಸೊಗಸಾಗಿ ನಡೆಯಿತು. ಅಷ್ಟು ಸೊಗಸಾಗಿ ನಡೆಯಿತೆಂದರೆ ಅವರಿಗೆ ಮತ್ತೆ ಮಾತನಾಡುವ ಜರೂರೇ ಬೀಳಲಿಲ್ಲ. ನಾಟಕ ನಿಂತಿತು, ರೇಡಿಯೋ ಕೆಟ್ಟಿತು, ಗಂಟೆ ಮಾತ್ರ ಉಳಿಯಿತು. ನಿವೃತ್ತಿಯ ದಿನ ತೂಗುವವರು ಚೀಲ ಹೆಗಲಿಗೆ ಹಾಕಿಕೊಂಡು, ಮೇಜಿನ ಬಳಿ ಸ್ವಲ್ಪ ನಿಂತು, ಒಂದು ಸಲ ಗಂಟೆ ಬಾರಿಸಿ ಹೊರಟುಹೋದರು. ಮೇಜಿನ ಮೇಲೆ ಕಲ್ಲು ಇರಲಿಲ್ಲ. ಮುದ್ರೆಯವರು ಸುತ್ತಿಗೆ ಎತ್ತಿ, ಎಲ್ಲಿ ಇಳಿಸುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಗಂಟೆಯನ್ನು ಕೊಡಲಾಗುವುದಿಲ್ಲ. ಬೀರುವಿನ ಬೀಗದ ಕೈ ಕಳೆದಿದೆ ಎಂದು ಈ ಮೂಲಕ ಘೋಷಿಸಲಾಗಿದೆ. ಯಾರೂ ಹುಡುಕತಕ್ಕದ್ದಲ್ಲ.

೮. ಮೂಲ ವಿವಾದದ ಬಗ್ಗೆ ಇಲಾಖೆಯ ತೀರ್ಮಾನ: ಗುಡ್ಡವು ಬಹಳ ದೂರ ನಡೆದಿದೆ. ಅಷ್ಟು ನಡೆದರೆ ಯಾರಿಗಾದರೂ ಸುಸ್ತಾಗುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಸುಸ್ತಾಗಿ ಕುಳಿತಿದೆ. ದಂಡು ಅದೇ ವೇಳೆಗೆ ಬಂದದ್ದು ಕಾಕತಾಳೀಯ. ಮಂಡಿ ನೋವಿನಲ್ಲಿ ಆಡಿದ ಮಾತಿಗಾಗಲಿ ಆಡದಿದ್ದ ಮಾತಿಗಾಗಲಿ ಇಷ್ಟೊಂದು ಬೆಲೆ ಕೊಡಬೇಕಾಗಿಲ್ಲ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.

೯. ಈ ಸುತ್ತೋಲೆ ಕೂಡಲೇ ಜಾರಿಗೆ ಬರುತ್ತದೆ. ಉಲ್ಲಂಘಿಸಿದ ‘ಓದಿದವರು’ ಚಿತ್ರವನ್ನು ಕಿವಿ ಮುಚ್ಚಿಕೊಂಡು ನೋಡತಕ್ಕದ್ದು. ಉಲ್ಲಂಘಿಸಿದ ‘ನೋಡಿದವರು’ ಪುಸ್ತಕವನ್ನು, ಬರೆದದ್ದನ್ನು ಬಿಟ್ಟು, ಅಂಚಿನ ಖಾಲಿ ಜಾಗವನ್ನು ಮಾತ್ರ ಓದತಕ್ಕದ್ದು.

ಸೇರ್ಪಡೆ (ಮೇಲಿನದು ಸೂಚನಾ ಫಲಕಕ್ಕೆ ಏರಿದ ಮೇಲೆ ಬರೆದದ್ದು)

೧೦. ಫಲಕಕ್ಕೆ ಮೊಳೆ ಹೊಡೆದು ಬಂದು ಕುಳಿತು, ಚಹಾ ಆರುವಷ್ಟರಲ್ಲಿ ತೂಕದಕ್ಕ ಮೆಟ್ಟಿಲ ಕೆಳಗೆ ಹಾಜರಾಗಿ ಕಂಡಿಕೆ ಎಂಟರ ಬಗ್ಗೆ ಆಕ್ಷೇಪಣೆ ಸಲ್ಲಿಸಿದರು. ಮೇಲ್ವಿಚಾರಕರನ್ನು ಇವರೆಲ್ಲ ದೊಡ್ಡಪ್ಪ ಎನ್ನುತ್ತಾರೆ. “ಏನು ದೊಡ್ಡಪ್ಪ ಇದು. ಸುಸ್ತಾಗಿ ಕೂತಿತಂತೆ. ಅದೇನು ಬಸ್ ಸ್ಟ್ಯಾಂಡಾ?”

ಅವರ ಹಿಂದೆಯೇ ಮುದ್ರೆಯಕ್ಕ, ಕೈಯಲ್ಲಿ ಸುತ್ತಿಗೆ ಸಮೇತ. “ಮಂಡಿ ನೋವಂತೆ. ಗುಡ್ಡಕ್ಕೆ ಮಂಡಿ ಎಲ್ಲಿರುತ್ತೆ? ಅದು ಅವಳಿಗೋಸ್ಕರ ಕೂತಿದ್ದು. ಚಿಕ್ಕ ಮಗೂಗೂ ಗೊತ್ತಾಗುತ್ತೆ.”

ಇಲಾಖೆಯು ತನ್ನ ನಿಲುವಿಗೆ ಅಂಟಿಕೊಂಡು, ಕಾದಂಬರಿಯಲ್ಲಿ ಕಾರಣ ಬರೆದಿದೆಯೇ ಎಂದು ಕೇಳಿತು. ತೂಕದಕ್ಕ, “ಬರೆದಿಲ್ಲ” ಎಂದರು.

“ಮತ್ತೆ ನಿಂಗೆ ಹೆಂಗೆ ಗೊತ್ತಾಯ್ತು?” ಎಂದು ಮುದ್ರೆಯಕ್ಕ ಕೇಳಿದರು. ಇಲಾಖೆಯ ಕಡೆ ನೋಡಿ ಅಲ್ಲ, ತೂಕದಕ್ಕನ ಕಡೆ ನೋಡಿ ಕೇಳಿದರು. ಅದು ಆಮೇಲೆ ಇಬ್ಬರ ಗಮನಕ್ಕೂ ಬಂತು.

ತೂಕದಕ್ಕ ಸೆರಗಿನ ತುದಿ ಸುತ್ತಿದರು. “ಹೆಂಗೇ ಅಂದ್ರೆ. ಓದ್ತಾ ಓದ್ತಾ ಅಳು ಬಂತು. ಬಂದಾಗೆಲ್ಲ ಅಲ್ಲೇ ಬಂದಿರೋದು. ನೀನು ಅತ್ತಿದ್ದೂ ಅಲ್ಲೇ ತಾನೆ.”

“ಅದನ್ನ ಅವತ್ತೇ ಬಸ್ಸಲ್ಲಿ ಹೇಳೋಕೇನಾಗಿತ್ತು?”

“ನೀನು ಬೇರೆ ಬಸ್ ಹತ್ತಿದ್ದೆ.”

“ನೀನು ಹತ್ತಿಸಿದ್ದೆ.”

“ಆದ್ರೂ ಅದು ಮಾತಾಡಬಾರದಿತ್ತು ಕಣೇ.”

“ಆಡ್ಬೇಕಿತ್ತು. ನಿಂಗೆ ಗೊತ್ತಾಗಲ್ಲ ಬಿಡು.”

ಈ ವಾದವು ಮೆಟ್ಟಿಲಿನಿಂದ ಕೊಠಡಿಯವರೆಗೂ ಮುಂದುವರಿದಿದ್ದು, ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮಧ್ಯೆ ಮಧ್ಯೆ ಸುತ್ತಿಗೆಯ ಸದ್ದು ಕೇಳಿಬರುತ್ತಿದೆ. ಕಿರಾಣಿ ಅಂಗಡಿಯವರು ತಮ್ಮ ಕಲ್ಲು ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೂ ಹೇಳದೆ, ಓಡುವುದಕ್ಕಿಂತ ಸ್ವಲ್ಪ ನಿಧಾನವಾಗಿ ಹೋಗಿರುತ್ತಾರೆ.

೧೧. ಕಂಡಿಕೆ ಎಂಟನ್ನು ಬೇಕೆಂದೇ ಹಾಗೆ ಬರೆಯಲಾಗಿತ್ತೇ ಎಂದು ಕಾವಲುಗಾರರು ಕೇಳಿರುತ್ತಾರೆ. ಇಲಾಖೆಯು ಓದಿಲ್ಲ, ನೋಡಿಲ್ಲ. ತನ್ನ ಮಂಡಿಯ ಅನುಭವದಿಂದ ಬರೆದಿದೆ. ಇದಕ್ಕಿಂತ ಹೆಚ್ಚಿನ ವಿವರಣೆ ನೀಡಲು ಬಾಧ್ಯವಲ್ಲ.

೧೨. ಕಂಡಿಕೆ ಒಂದರಿಂದ ಒಂಬತ್ತರವರೆಗಿನ ಎಲ್ಲವನ್ನೂ ಹಿಂಪಡೆಯಲಾಗಿದೆ, ಬಕೆಟ್ಟಿನದನ್ನು ಹೊರತುಪಡಿಸಿ.

೧೩. ಇಷ್ಟು ತಿಳಿಯದವರು ಹೀಗೆ ಇರಬಾರದೆಂದು ತೀರ್ಮಾನಿಸಿ, ಉಭಯರು ಇಲಾಖೆಯನ್ನು ಈ ಶನಿವಾರ ಚಿತ್ರಕ್ಕೆ ಕರೆದೊಯ್ಯಲು ನಿರ್ಧರಿಸಿರುತ್ತಾರೆ. ಇಲಾಖೆಯನ್ನು ನಡುವೆ ಕೂರಿಸಿಕೊಂಡು ಈ ಕಿವಿಗೆ ಪುಸ್ತಕ, ಆ ಕಿವಿಗೆ ಸಿನಿಮಾ ವಿವರಿಸುವುದು ಅವರ ಯೋಜನೆ. ಅವರಿಬ್ಬರೂ ಪಕ್ಕಪಕ್ಕದಲ್ಲಿಯೇ ಕೂರಬೇಕೆಂದೂ, ಇಲಾಖೆಗೆ ತುದಿಯ ಕುರ್ಚಿ ಸಾಕೆಂದೂ ಈ ಮೂಲಕ ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ.

(ಸಹಿ)
ಮೇಲ್ವಿಚಾರಕರು
ತೂಕದ ಕಲ್ಲುಗಳ ಪರೀಕ್ಷಾ ಕೊಠಡಿ

ಪ್ರತಿಗಳು:

ಮೇಲಧಿಕಾರಿ ಮೇಡಂ ಅವರಿಗೆ: ದನಿ ಬಕೆಟ್ಟಿನದು, ಭಯಪಡುವ ಅಗತ್ಯವಿಲ್ಲ, ತಪಾಸಣೆಗೆ ಪುನಃ ಬರುವ ಅಗತ್ಯವೂ ಇಲ್ಲ.

ಕಸ ಗುಡಿಸುವ ತಾಯಿಗೆ: ಓದಿ ಹೇಳಲಾಗಿದೆ; “ಆಯ್ತು, ಬಕೆಟ್ ಎಲ್ಲಿ” ಎಂದರು.

ಚಾಲಕರ ಹೆಂಡತಿಗೆ: ಶನಿವಾರ ಜೀಪಿನಲ್ಲಿ ಒಂದು ಜಾಗ ಖಾಲಿ ಇದೆ. ಚಾಲಕರಿಗೆ ಕೇಳಿಸಿಲ್ಲವಾದ್ದರಿಂದ ಒಪ್ಪಿಗೆಯಿದೆಯೆಂದು ಭಾವಿಸಲಾಗಿದೆ.

ಚಿತ್ರಮಂದಿರದ ವ್ಯವಸ್ಥಾಪಕರಿಗೆ: ತುದಿಯ ಕುರ್ಚಿಯ ಮುಂದೆ ಕಾಲು ಚಾಚಲು ಜಾಗ ಬಿಡುವಂತೆ ಕೋರಿ.

ಸದರಿ ಗುಡ್ಡಕ್ಕೆ: ಮಾಹಿತಿಗಾಗಿ ಮಾತ್ರ. ಉತ್ತರ ಕೊಡಬಹುದು, ಕೊಡದಿದ್ದರೂ ನಡೆಯುತ್ತದೆ.